ಮ್ಯಾಚೇ ಇಲ್ಲ, ಬೇಲಿ ಪಕ್ಕ ಜನ ಯಾಕೆ? ಪ್ರೀ-ಸೀಸನ್ ಟ್ರೈನಿಂಗ್ ನೋಡೋದು ಹೇಗೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದೆ.)

ಟೇಕಲ್‌ನಿಂದ ಮಾತಾಡ್ತಾ ಇದ್ದೀನಿ. ಮಧ್ಯದಲ್ಲಿ ರೈಲಿನ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ನಮ್ಮನೆ ಹಳಿಗೆ ಹತ್ತಿರ. ಬಂಗಾರಪೇಟೆ ಕಡೆ ಗಾಡಿ ಹೋಗೋವರೆಗೂ ಮೈಕ್ ಆಫ್ ಮಾಡಿ ಕೂರೋದು ನನಗೆ ಅಭ್ಯಾಸ ಆಗಿಹೋಗಿದೆ.

ಈ ತಿಂಗಳು, ಅಂದ್ರೆ 2026ರ ಜನವರಿ, ಸಂಕ್ರಾಂತಿ ಹಿಂದಿನ ದಿನ ನಮ್ಮ ಚಿಕ್ಕಪ್ಪನ ಮಗ ಮೆಲ್ಬರ್ನ್‌ನಿಂದ ಒಂದು ವಿಡಿಯೋ ಕಳಿಸಿದ. ಹಬ್ಬದ ಶುಭಾಶಯ ಇರಬೇಕು ಅಂತ ತೆಗೆದು ನೋಡಿದ್ರೆ ಒಂದು ದೊಡ್ಡ ಹಸಿರು ಮೈದಾನ. ನಲವತ್ತು ಜನ ಹುಡುಗರು ಗುಂಪು ಗುಂಪಾಗಿ ಓಡ್ತಾ ಇದ್ದಾರೆ. ಸೊಂಟದೆತ್ತರದ ಬೇಲಿ. ಬೇಲಿ ಈಚೆ ಒಂದಿಪ್ಪತ್ತು ಜನ ನಿಂತಿದ್ದಾರೆ. ಒಬ್ಬ ತಾತ ಮಡಚೋ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ, ಕಪ್ಪು-ಬಿಳಿ ಪಟ್ಟೆ ಟೀ-ಶರ್ಟ್ ಹಾಕಿರೋ ಒಂದು ಮಗು ಬೇಲಿ ಹಿಡ್ಕೊಂಡಿದೆ. ಒಂದೂವರೆ ನಿಮಿಷದ ವಿಡಿಯೋ. ಅಷ್ಟರಲ್ಲಿ ಒಬ್ಬರೂ ಬಾಲ್ ಮುಟ್ಟಲ್ಲ. ಬರೀ ಓಟ.

ಫೋನ್ ಮಾಡಿದೆ. "ಏನೋ ಇದು? ಮ್ಯಾಚ್ ಯಾವಾಗ ಶುರುವಾಗುತ್ತೆ?"

"ಮ್ಯಾಚ್ ಇಲ್ಲ ಅಣ್ಣಾ. ಪ್ರಾಕ್ಟೀಸ್. ಮ್ಯಾಚ್ ಮಾರ್ಚ್‌ಗೆ."

"ಮತ್ತೆ ಇಷ್ಟು ಜನ ಏನು ನೋಡ್ತಿದ್ದಾರೆ?"

"ಇದನ್ನೇ ನೋಡೋಕೆ ಬಂದಿದ್ದಾರೆ. ನಾನೂ ರಜಾ ಹಾಕಿ ಬಂದಿದ್ದೀನಿ."

"ಟಿಕೆಟ್?"

"ಫ್ರೀ ಅಣ್ಣಾ."

ಇವತ್ತಿನ ಕಂತು ಈ ಪ್ರಶ್ನೆ ಮೇಲೆ. ಫಲಿತಾಂಶ ಇಲ್ಲದ, ಸ್ಕೋರ್ ಇಲ್ಲದ ತರಬೇತೀನ ಒಬ್ಬ ಅಭಿಮಾನಿ ಯಾಕೆ ನಿಂತು ನೋಡ್ತಾನೆ? ಅವನಿಗೆ ಅಲ್ಲಿ ಏನು ಕಾಣಿಸುತ್ತೆ? ಹೋದ ವರ್ಷ ನಮ್ಮ ಬೆಂಗಳೂರಿನಲ್ಲೇ ಆ ನೋಟ ಯಾಕೆ ಕೈ ತಪ್ತು?

ಇದು ಯಾವ ಫುಟ್‌ಬಾಲ್?

ಮೊದಲು ಆಟ ಅರ್ಥ ಮಾಡ್ಕೊಳ್ಳೋಣ. ನಮ್ಮ ಹುಡುಗ ನೋಡೋಕೆ ಹೋಗಿದ್ದು ಕಾಲಿಂಗ್‌ವುಡ್ ಅನ್ನೋ ಕ್ಲಬ್‌ನ. ಅವರು ಆಡೋದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಅಲ್ಲಿಯವರ ಬಾಯಲ್ಲಿ 'ಫುಟಿ'. ಲೀಗ್ ಹೆಸರು ಎಎಫ್‌ಎಲ್, ಅದರಲ್ಲಿ 18 ಕ್ಲಬ್.

ಚೆಂಡು ಮೊಟ್ಟೆ ಆಕಾರ. ಮೈದಾನವೂ ಹಾಗೇ, ಕ್ರಿಕೆಟ್ ಮೈದಾನದ ಥರ. ನಮ್ಮ ಸಾಮಾನ್ಯ ಫುಟ್‌ಬಾಲ್ ಮೈದಾನ ಸುಮಾರು 105 ಮೀಟರ್ ಉದ್ದ ಇದ್ರೆ ಇದು 135ರಿಂದ 185 ಮೀಟರ್. ಒಂದು ತಂಡಕ್ಕೆ ಮೈದಾನದಲ್ಲಿ 18 ಜನ. ಚೆಂಡನ್ನ ಒದೀಬಹುದು, ಮುಷ್ಟಿಯಿಂದ ಗುದ್ದಿ ಪಾಸ್ ಕೊಡಬಹುದು, ಆದ್ರೆ ಎಸೆಯೋ ಹಾಗಿಲ್ಲ. ಹಿಡ್ಕೊಂಡು ಓಡಬಹುದು, ಆದ್ರೆ 15 ಮೀಟರ್ ಒಳಗೆ ಒಮ್ಮೆ ನೆಲಕ್ಕೆ ಕುಟ್ಟಬೇಕು ಇಲ್ಲಾ ನೆಲಕ್ಕೆ ಮುಟ್ಟಿಸಬೇಕು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಮಧ್ಯದ ಎರಡು ಕಂಬದ ನಡುವೆ ಒದ್ರೆ 6 ಪಾಯಿಂಟ್, ಅದರ ಪಕ್ಕದ ಸಂದಿನಲ್ಲಿ ಹೋದ್ರೆ 1 ಪಾಯಿಂಟ್. ಆಫ್‌ಸೈಡ್ ಇಲ್ಲವೇ ಇಲ್ಲ.

ಆಟ ನಾಲ್ಕು ಕ್ವಾರ್ಟರ್. ಒಂದೊಂದು 20 ನಿಮಿಷ, ಜೊತೆಗೆ ಆಟ ನಿಂತಾಗ ಪೋಲಾದ ಸಮಯ. ಮಧ್ಯದಲ್ಲಿ ಆಡೋರು ಒಂದು ಪಂದ್ಯದಲ್ಲಿ 12ರಿಂದ 15 ಕಿಲೋಮೀಟರ್ ಓಡ್ತಾರೆ. ಹೆಚ್ಚು ಕಡಿಮೆ ನಮ್ಮೂರಿಂದ ಮಾಲೂರಿಗೆ ಓಡಿದ ಹಾಗೆ, ಅದೂ ಡಿಕ್ಕಿ ಹೊಡೆಸ್ಕೊಂಡು, ಎದ್ದು, ಮತ್ತೆ ಓಡಿ. ಫೈನಲ್ ಸೆಪ್ಟೆಂಬರ್ ಕೊನೇಲಿ, ಎಂಸಿಜಿಯಲ್ಲಿ. 2022ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಕೊಹ್ಲಿ ಔಟಾಗದೆ 82 ಹೊಡೆದ್ರಲ್ಲ, ಅದೇ ಮೈದಾನ.

ಇನ್ನೊಂದು ವಿಷಯ ಕೇಳಿದ್ರೆ ನಿಮಗೆ ಖುಷಿಯಾಗುತ್ತೆ. 1858ರಲ್ಲಿ ಟಾಮ್ ವಿಲ್ಸ್ ಅನ್ನೋ ಕ್ರಿಕೆಟಿಗ ಮೆಲ್ಬರ್ನ್‌ನ ಒಂದು ಪತ್ರಿಕೆಗೆ ಕಾಗದ ಬರೆದ. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ಮನೆ ಕೂತು ಮೈ ಬೆಳೆಸ್ತಾರೆ, ಅವರನ್ನ ಫಿಟ್ ಆಗಿಡೋಕೆ ಒಂದು ಫುಟ್‌ಬಾಲ್ ಕ್ಲಬ್ ಮಾಡೋಣ ಅನ್ನೋದು ಅದರ ಸಾರ. ಮುಂದಿನ ವರ್ಷ, 1859ರಲ್ಲಿ, ಮೆಲ್ಬರ್ನ್ ಕ್ಲಬ್‌ನವರು ಕೂತು ನಿಯಮ ಬರೆದ್ರು. ಅಂದ್ರೆ ಈ ಆಟದ ಹಿಂದಿನ ಆಲೋಚನೆಯೇ ಇನ್ನೊಂದು ಆಟದ ತಯಾರಿ. ಈಗ ಆ ತಯಾರಿಗೇ ಒಂದು ತಯಾರಿ, ಅದನ್ನ ನೋಡೋಕೆ ಬೇಲಿ ಪಕ್ಕ ಜನ.

ನವೆಂಬರ್‌ನಿಂದ ಮಾರ್ಚ್‌ವರೆಗೆ

ನಮ್ಮ ಕಡೆ ರೈತರಿಗೆ ಹೇಳೋದಾದ್ರೆ ಒಂದೇ ಮಾತು ಸಾಕು: ಇದು ಮಾಗಿ ಉಳುಮೆ. ಕುಯ್ಲು ಮುಗೀತು ಅಂತ ಹೊಲ ಸುಮ್ಮನೆ ಬಿಡಲ್ಲ. ಮಳೆ ಬರೋಕೆ ಎಷ್ಟೋ ಮುಂಚೆ ಉತ್ತು ಬಿಡ್ತಾರೆ. ಆವಾಗ ಹೊಲದಲ್ಲಿ ನೋಡೋಕೆ ಏನೂ ಇರಲ್ಲ, ಬರೀ ಹೆಂಟೆ. ಆದ್ರೆ ಗೊತ್ತಿರೋರು ಬದುವಿನ ಮೇಲೆ ನಿಂತು ನೋಡಿ ಈ ಸಲ ರಾಗಿ ಹೆಂಗೆ ಬರುತ್ತೆ ಅಂತ ಹೇಳಿಬಿಡ್ತಾರೆ.

ಎಎಫ್‌ಎಲ್ ಕ್ಲಬ್‌ಗಳಲ್ಲಿ ನವೆಂಬರ್‌ನಲ್ಲಿ ಮೊದಲು ವಾಪಸ್ ಬರೋದು ಹೊಸಬರು, ಕ್ಲಬ್ ಸೇರಿ ಮೂರು ನಾಲ್ಕು ವರ್ಷ ಆದವರು. ಆಮೇಲೆ ಹಿರಿಯರು. ಕ್ರಿಸ್‌ಮಸ್‌ಗೆ ರಜಾ, ಜನವರಿಯಲ್ಲಿ ಮತ್ತೆ ಜೋರು. ಅದು ಅಲ್ಲಿ ನಡು ಬೇಸಿಗೆ, ಬಿಸಿಲು 40 ಡಿಗ್ರಿ ಮುಟ್ಟೋದೂ ಉಂಟು. 2 ಕಿಲೋಮೀಟರ್ ಓಟದ ಪರೀಕ್ಷೆ ಇಡ್ತಾರೆ. ಫೆಬ್ರವರಿಯಲ್ಲಿ ತಮ್ಮತಮ್ಮಲ್ಲೇ ಎರಡು ತಂಡ ಮಾಡ್ಕೊಂಡು ಆಡ್ತಾರೆ, ಆಮೇಲೆ ಬೇರೆ ಕ್ಲಬ್ ಜೊತೆ ಅಭ್ಯಾಸ ಪಂದ್ಯ, ಮಾರ್ಚ್‌ಗೆ ಸೀಸನ್.

ಇಷ್ಟು ಉದ್ದ ಯಾಕೆ? ನಾನು ಬಿ.ಕಾಂ ಓದಿದವನು, ನನಗೆ ಅರ್ಥ ಆಗೋ ಭಾಷೆಯಲ್ಲಿ ಹೇಳ್ತೀನಿ. ದೇಹ ಒಂದು ಬ್ಯಾಂಕ್ ಖಾತೆ. ಕೆಲವು ವಾರ ಓಟ ನಿಲ್ಲಿಸಿದ್ರೆ ಬ್ಯಾಲೆನ್ಸ್ ಕರಗೋಕೆ ಶುರುವಾಗುತ್ತೆ. ವಾಪಸ್ ಬಂದ ಮೊದಲ ವಾರವೇ ಮ್ಯಾಚ್ ಆಡಿಸಿದ್ರೆ ಅದು ಓವರ್‌ಡ್ರಾಫ್ಟ್. ಅದರ ಬಡ್ಡಿ ತೊಡೆ ಹಿಂದಿನ ಸ್ನಾಯು ಕಟ್ಟುತ್ತೆ. ಅದಕ್ಕೇ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸ್ತಾರೆ. ಆಟಗಾರರು ಬೆನ್ನಿನ ಮೇಲ್ಭಾಗದಲ್ಲಿ ಒಂದು ಚಿಕ್ಕ ಜಿಪಿಎಸ್ ಸಾಧನ ಹಾಕ್ಕೊಂಡಿರ್ತಾರೆ. ಎಷ್ಟು ದೂರ ಓಡಿದ, ಎಷ್ಟು ಸಲ ಪೂರ್ತಿ ವೇಗದಲ್ಲಿ ಓಡಿದ ಅನ್ನೋದೆಲ್ಲ ಅದರಲ್ಲಿ ದಾಖಲಾಗುತ್ತೆ. ಪ್ರತಿದಿನದ ಪಾಸ್‌ಬುಕ್ ಎಂಟ್ರಿ ಅಂದ್ಕೊಳ್ಳಿ.

ಇದೆಲ್ಲ ಲೆಕ್ಕ ಹಾಕೋದು ಮುಂದಿನಿಂದ ಹಿಂದಕ್ಕೆ. ಮೊದಲ ಪಂದ್ಯ ಇಂಥ ದಿನ, ಅದಕ್ಕೆ ಎರಡು ವಾರ ಮುಂಚೆ ಅಭ್ಯಾಸ ಪಂದ್ಯ, ಅದಕ್ಕೂ ಮುಂಚೆ ಓಟದ ಪರೀಕ್ಷೆ, ಹೀಗೆ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಬೇಲಿ ಪಕ್ಕ ನಿಂತವರಿಗೆ ಕಾಣೋದೇನು?

ಚಿಕ್ಕಪ್ಪನ ಮಗನಿಗೆ ಆ ಕುರ್ಚಿ ತಾತ ಕೆಲವು ಪಾಠ ಹೇಳಿಕೊಟ್ರಂತೆ. ಅದಕ್ಕೆ ನಾನು ಓದಿದ್ದು, ನೋಡಿದ್ದು ಸೇರಿಸಿ ಹೇಳ್ತೀನಿ.

ಒಂದು, ಯಾರು ಇದ್ದಾರೆ ಅಂತ ನೋಡೋಕೆ ಮುಂಚೆ ಯಾರು ಇಲ್ಲ ಅಂತ ನೋಡಿ. ದೊಡ್ಡ ಗುಂಪಿಂದ ಆಚೆ, ಬೌಂಡರಿ ಪಕ್ಕ, ಫಿಸಿಯೋ ಜೊತೆ ಇಬ್ಬರು ಮೂವರು ಬೇರೇನೇ ಓಡ್ತಿರ್ತಾರೆ. ಅವರು ಗಾಯದಿಂದ ಎದ್ದು ಬರ್ತಿರೋರು. ಹೋದ ವಾರ ನಡೀತಿದ್ದವನು ಈ ವಾರ ನೇರವಾಗಿ ಓಡ್ತಿದ್ದಾನಾ? ಮುಂದಿನ ವಾರ ತಿರುವಿನಲ್ಲಿ ಕಾಲೂರಿ ದಿಕ್ಕು ಬದಲಿಸ್ತಾನಾ? ಈ ಕ್ರಮ ಗೊತ್ತಿದ್ರೆ ಅವನು ಯಾವಾಗ ಆಡಬಹುದು ಅಂತ ನೀವೇ ಅಂದಾಜು ಮಾಡಬಹುದು.

ಎರಡು, ಮೊದಲು ಬಂದವನ ಜೊತೆಗೆ ಕೊನೆಯಲ್ಲಿ ಬಂದವನನ್ನೂ ನೋಡಿ. ಎಂಟನೇ ಸುತ್ತಿನಲ್ಲಿ ಅವನು ಗೆರೆ ಮುಟ್ಟಿ ತಿರುಗ್ತಾನಾ, ಇಲ್ಲಾ ಗೆರೆಗೆ ಒಂದಡಿ ಮುಂಚೆನೇ ತಿರುಗ್ತಾನಾ? ಆ ಒಂದಡಿ ಟಿವಿಯಲ್ಲಿ ಯಾವತ್ತೂ ಕಾಣಲ್ಲ.

ಮೂರು, ಜಾಕೆಟ್ ಬಣ್ಣ. ಎರಡು ತಂಡ ಮಾಡಿ ಆಡಿಸುವಾಗ ಯಾರಿಗೆ ಯಾವ ಬಣ್ಣ ಕೊಟ್ರು ಅನ್ನೋದರಲ್ಲೇ ಕೋಚ್ ತಲೆಯಲ್ಲಿರೋ ಮೊದಲ ತಂಡ ಸ್ವಲ್ಪ ಹೊರಗೆ ಬೀಳುತ್ತೆ. ಎಎಫ್‌ಎಲ್ ಕ್ಲಬ್ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಆಟಗಾರರು ಇರ್ತಾರೆ, ಒಂದು ಹೊತ್ತಿಗೆ ಮೈದಾನದಲ್ಲಿ ಇರೋದು 18. ಉಳಿದವರಿಗೆ ಇದು ಮೂರು ನಾಲ್ಕು ತಿಂಗಳ ಉದ್ದದ ಇಂಟರ್‌ವ್ಯೂ.

ನಾಲ್ಕು, ಕಿವಿ ಕೊಡಿ. ಸ್ಟೇಡಿಯಂನಲ್ಲಿ ಗಲಾಟೆಗೆ ಏನೂ ಕೇಳ್ಸಲ್ಲ. ಇಲ್ಲಿ ಯಾರು ಕೂಗಿ ದಾರಿ ಹೇಳ್ತಾರೆ, ಬಾಲ್ ಬಿಟ್ಟ ಹೊಸಬನ ಹತ್ತಿರ ಯಾರು ಹೋಗಿ ಭುಜ ತಟ್ಟುತ್ತಾರೆ ಅನ್ನೋದು ಗೊತ್ತಾಗುತ್ತೆ. ಕ್ಯಾಪ್ಟನ್ ಪಟ್ಟಿ ಕಟ್ಟದೇ ಇರೋ ಕ್ಯಾಪ್ಟನ್‌ಗಳು ಸಿಗೋದು ಇಲ್ಲೇ.

ಐದು, ವಿಷಲ್ ಆದ ಮೇಲೆ ಹತ್ತು ನಿಮಿಷ ನಿಲ್ಲಿ. ಎಲ್ಲರೂ ನೀರು ಕುಡಿಯೋಕೆ ಹೋದ್ಮೇಲೂ ಕಂಬಕ್ಕೆ ಗುರಿಯಿಟ್ಟು ಒದೀತಾ ಇರೋ ಒಬ್ಬ ಇದ್ದೇ ಇರ್ತಾನೆ.

ಒಂದು ಎಚ್ಚರಿಕೆನೂ ಇದೆ. ಜನವರಿಯಲ್ಲಿ ಎಲ್ಲಾ ತಂಡದ ಅಭಿಮಾನಿಗೂ ಈ ಸಲ ಕಪ್ ನಮ್ಮದೇ. ಹೋಳಿಗೆ ಹೂರಣ ನೋಡಿ ಊಟ ಮುಗೀತು ಅನ್ನಬಾರದು. ತರಬೇತಿಯಲ್ಲಿ ಎದುರಾಳಿ ಇಲ್ಲ. ಆಮೇಲೆ ಮರ್ಯಾದೆ ವಿಷಯ: ವಿಡಿಯೋ ತೆಗೆಯೋಕೆ ಬಿಡ್ತಾರಾ ಅಂತ ಕೇಳಿ, ಬೇಲಿ ದಾಟಬೇಡಿ, ಗಾಯ ಆಗಿರೋ ಹುಡುಗನ ಫೋಟೋ ಹಾಕಿ ಕಥೆ ಕಟ್ಟಬೇಡಿ.

ಟೇಕಲ್‌ನಿಂದ ನೋಡೋದಾದ್ರೆ

ಕಾಲಿಂಗ್‌ವುಡ್ ಅಭ್ಯಾಸ ಮಾಡೋ ಒಲಿಂಪಿಕ್ ಪಾರ್ಕ್ ಓವಲ್ ಸಾರ್ವಜನಿಕ ಜಾಗ. ತಂಡ ಇಲ್ಲದಾಗ ಯಾರು ಬೇಕಾದ್ರೂ ಅಲ್ಲಿ ಓಡಬಹುದು. ಪಕ್ಕದ ಗಾಶ್ ಪ್ಯಾಡಕ್‌ನಲ್ಲಿ ಮೆಲ್ಬರ್ನ್ ಕ್ಲಬ್ ಅಭ್ಯಾಸ ಮಾಡುತ್ತೆ, ಅದೂ ಪಾರ್ಕೇ. ನಮ್ಮಲ್ಲಿ ದೊಡ್ಡ ಕ್ಲಬ್‌ಗಳ ತರಬೇತಿ ಸಾಮಾನ್ಯವಾಗಿ ಗೇಟಿನ ಒಳಗೆ. ನಾನೂ ಒಮ್ಮೆ ಹೋಗಿ ಗೇಟ್ ಹತ್ತಿರದಿಂದಲೇ ವಾಪಸ್ ಬಂದವನು. ಯಾವ ಗೇಟ್ ಅಂತ ಬೇಡ. "ಏನ್ ಸಾರ್ ಕೆಲಸ?" ಅಂದ್ರು ಕಾವಲಿನವರು. "ನೋಡೋಕೆ" ಅಂದೆ. "ಇವತ್ತು ಮ್ಯಾಚ್ ಇಲ್ಲ ಸಾರ್" ಅಂದ್ರು. ಅವರ ತಪ್ಪಲ್ಲ. ನನ್ನ ತಮ್ಮನಿಗೆ ನಾನೂ ಅದನ್ನೇ ಕೇಳಿದ್ದೆನಲ್ಲ.

ಆದ್ರೆ ಬೇಲಿ ಪಕ್ಕ ನಿಲ್ಲೋ ಜಾಗ ನಮಗೇನು ಇಲ್ಲದಿಲ್ಲ. ನಮ್ಮೂರಿಂದ ರೈಲು ಹತ್ತಿ ಬೈಯಪ್ಪನಹಳ್ಳಿಯಲ್ಲಿ ಇಳಿದ್ರೆ ಪಕ್ಕದಲ್ಲೇ ನೇರಳೆ ಮೆಟ್ರೋ. ಹಲಸೂರಿನಲ್ಲಿ ಇಳಿದು ಗೌತಮಪುರಕ್ಕೆ ಹೋಗಿ. ಫುಟ್‌ಬಾಲ್ ಹುಚ್ಚಿಗೆ 'ಮಿನಿ ಬ್ರೆಜಿಲ್' ಅಂತಲೇ ಹೆಸರಾದ ಬೀದಿಗಳು. ಅಲ್ಲಿ ಪೆಲೆ ಪ್ರತಿಮೆ ಕೂಡ ಇದೆ. ಚಿಕ್ಕ ಮಕ್ಕಳಿಂದ ಹಿಡಿದು ದೊಡ್ಡವರವರೆಗೂ ಅಭ್ಯಾಸ ಮಾಡೋದನ್ನ ಯಾರು ಬೇಕಾದ್ರೂ ನಿಂತು ನೋಡಬಹುದು. ಅಲ್ಲೂ ಮೆಲ್ಬರ್ನ್ ತಾತನ ಥರದವರು ಇದ್ದಾರೆ. ಕೈಯಲ್ಲಿ ಟೀ ಲೋಟ ಇರುತ್ತೆ, ಅಷ್ಟೇ ವ್ಯತ್ಯಾಸ.

ದಿನಾಂಕ ಇಲ್ಲದ ತಯಾರಿ

ಈಗ ನಮ್ಮ ಬೆಂಗಳೂರು ಎಫ್‌ಸಿ ಕಥೆ. 2013ರಲ್ಲಿ ಹುಟ್ಟಿದ ಕ್ಲಬ್. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿ, 2018-19ರಲ್ಲಿ ಐಎಸ್‌ಎಲ್ ಗೆದ್ದ ತಂಡ. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಕೂಗು ಒಮ್ಮೆ ಕೇಳಿದ್ರೆ ಮರೆಯಲ್ಲ. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಐಎಸ್‌ಎಲ್ ಫೈನಲ್, ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲು. ಬೇಜಾರಾಯ್ತು, ಆದ್ರೆ ಸೋತ ಅಭಿಮಾನಿ ಏನು ಹೇಳ್ಕೋತಾನೆ? ಮುಂದಿನ ಸೀಸನ್ ನೋಡ್ಕೊಳ್ಳೋಣ.

ಆ ಮುಂದಿನ ಸೀಸನ್ನೇ ಕಾಣಲಿಲ್ಲ. ಆಗ ಐಎಸ್‌ಎಲ್ ನಡೆಸ್ತಿದ್ದದ್ದು ಎಫ್‌ಎಸ್‌ಡಿಎಲ್ ಅನ್ನೋ ಕಂಪನಿ. ಭಾರತ ಫುಟ್‌ಬಾಲ್ ಫೆಡರೇಷನ್ ಜೊತೆ 2010ರಲ್ಲಿ 15 ವರ್ಷದ ಒಪ್ಪಂದ ಆಗಿತ್ತು. ಅದರ ಪ್ರಕಾರ ಕಂಪನಿ ಫೆಡರೇಷನ್‌ಗೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡ್ತಿತ್ತು. ಆ ಒಪ್ಪಂದ ಮುಗಿಯೋದು 2025ರ ಡಿಸೆಂಬರ್‌ಗೆ. ಸೀಸನ್ ಶುರುವಾಗಬೇಕಿದ್ದದ್ದು ಸೆಪ್ಟೆಂಬರ್ ಹೊತ್ತಿಗೆ. ಅಂದ್ರೆ ಅರ್ಧ ಸೀಸನ್‌ನಲ್ಲಿ ಒಪ್ಪಂದವೇ ಇರಲ್ಲ. ಹೊಸದು ಆಗಿರಲಿಲ್ಲ. ಜುಲೈನಲ್ಲಿ ಎಫ್‌ಎಸ್‌ಡಿಎಲ್ ಸೀಸನ್ ತಡೆಹಿಡಿದಿದ್ದೀವಿ ಅಂತ ತಿಳಿಸ್ತು.

ಇಲ್ಲಿ ಕಾಮರ್ಸ್ ಬರುತ್ತೆ. ಕ್ಲಬ್‌ಗೆ ದುಡ್ಡು ಎಲ್ಲಿಂದ? ಟಿಕೆಟ್, ಪ್ರಾಯೋಜಕರು, ಲೀಗ್‌ನ ಒಟ್ಟು ಆದಾಯದಲ್ಲಿ ಪಾಲು, ಉಳಿದದ್ದು ಮಾಲೀಕರ ಜೇಬು. ಮೊದಲ ಮೂರೂ ಪಂದ್ಯ ನಡೆದ್ರೆ ಮಾತ್ರ. ಖರ್ಚು ಹಾಗಲ್ಲ. ಸಂಬಳ, ವಸತಿ, ಊಟ, ಮೈದಾನ ಎಲ್ಲವೂ ಪಂದ್ಯ ಇಲ್ಲದಿದ್ರೂ ಓಡ್ತಾನೇ ಇರುತ್ತೆ. ಪ್ರೀ-ಸೀಸನ್ ಅಂದ್ರೆ ಆದಾಯ ಶೂನ್ಯ, ಖರ್ಚು ಪೂರ್ತಿ ಇರೋ ತಿಂಗಳುಗಳು. ಮುಂದೆ ಬರುತ್ತೆ ಅನ್ನೋ ನಂಬಿಕೆ ಮೇಲೆ ಮಾಡೋ ಹೂಡಿಕೆ. ಯಾವಾಗ ಬರುತ್ತೆ ಅಂತಲೇ ಗೊತ್ತಿಲ್ಲದಿದ್ರೆ?

2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟ ಅವಧಿಗೆ ನಿಲ್ಲಿಸ್ತಿರೋದಾಗಿ ಪ್ರಕಟಿಸ್ತು. ಯುವ ತಂಡಗಳಿಗೆ, ಮಕ್ಕಳ ತರಬೇತಿ ಶಾಲೆಗಳಿಗೆ ಇದು ತಟ್ಟಲ್ಲ ಅಂತಲೂ ಹೇಳ್ತು. ಆಮೇಲೆ ಚೆನ್ನೈಯಿನ್ ಎಫ್‌ಸಿಯೂ ಹೀಗೇ ಮಾಡ್ತು. ಆಟಗಾರ ಅಂದ ತಕ್ಷಣ ನಮಗೆ ಸುನಿಲ್ ಛೆಟ್ರಿ ಮುಖ ಕಾಣುತ್ತೆ. ಸಿಬ್ಬಂದಿ ಅಂದ್ರೆ ಯಾರು? ಕಾಲಿಗೆ ಪಟ್ಟಿ ಸುತ್ತೋರು, ಬಟ್ಟೆ-ಬೂಟು ನೋಡ್ಕೊಳ್ಳೋರು, ಬೆಳಗ್ಗೆ ಕೋನ್ ಜೋಡಿಸೋರು. ಬೇಲಿ ಪಕ್ಕ ನಿಂತ್ರೆ ಇವರೆಲ್ಲ ಕಾಣ್ತಾರೆ, ಟಿವಿಯಲ್ಲಿ ಕಾಣಲ್ಲ.

ಅಕ್ಟೋಬರ್ 25ರಿಂದ ಗೋವಾದಲ್ಲಿ ಸೂಪರ್ ಕಪ್ ನಡೀತು, ಬೆಂಗಳೂರು ಅದರಲ್ಲಿ ಆಡ್ತು. ಆದ್ರೆ ಲೀಗ್ ನಡೆಸೋಕೆ ಕರೆದ ಟೆಂಡರ್‌ಗೆ ನವೆಂಬರ್ 7ರವರೆಗೂ ಒಂದೂ ಬಿಡ್ ಬರಲಿಲ್ಲ. ಈ ಜನವರಿ ಮೊದಲ ವಾರ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು ಸೇರಿ ಆಟಗಾರರು ವಿಡಿಯೋ ಮಾಡಿ ಫಿಫಾಗೆ ಮೊರೆ ಇಟ್ರು. ದೇಶಕ್ಕೆ ಅತಿ ಹೆಚ್ಚು ಗೋಲ್ ಹೊಡೆದವನು ಕೇಳ್ತಿದ್ದದ್ದು ದುಡ್ಡು ಅಲ್ಲ, ಆಡೋಕೆ ಒಂದು ದಿನಾಂಕ. ಜನವರಿ 6ಕ್ಕೆ ಕ್ರೀಡಾ ಸಚಿವರು ಹೇಳಿದ್ರು: ಫೆಬ್ರವರಿ 14ಕ್ಕೆ ಶುರು, 14 ಕ್ಲಬ್, ಒಟ್ಟು 91 ಪಂದ್ಯ. ಹಿಂದಿನ ಸೀಸನ್‌ನಲ್ಲಿ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 24 ಪಂದ್ಯ ಇತ್ತು, ಈ ಸಲ 13.

ಹೇಳಿದ ದಿನದಿಂದ ಶುರುವಾಗೋ ದಿನಕ್ಕೆ 39 ದಿನ. ಮೆಲ್ಬರ್ನ್ ಹುಡುಗರಿಗೆ ನಾಲ್ಕು ತಿಂಗಳು.

ನೋಟಿಫಿಕೇಷನ್‌ಗೆ ಕಾದವರಿಗೆ ಗೊತ್ತು

ಇದು ನನಗೆ ಯಾಕೆ ಇಷ್ಟು ನಾಟಿತು ಅಂತ ಹೇಳಿ ಮುಗಿಸ್ತೀನಿ. ಡಿಗ್ರಿ ಆದ್ಮೇಲೆ ಒಂದೂವರೆ ವರ್ಷ ನಾನು ಒಂದು ಸರ್ಕಾರಿ ಪರೀಕ್ಷೆಗೆ ಓದಿದೆ. ಬೆಳಗ್ಗೆ ಗಾಡಿಗೆ ಬೆಂಗಳೂರು, ಸಂಜೆ ಗಾಡಿಗೆ ವಾಪಸ್, ಮಧ್ಯ ಲೈಬ್ರರಿ. ಪರೀಕ್ಷೆ ದಿನಾಂಕ ಒಮ್ಮೆ ಮುಂದೆ ಹೋಯ್ತು, ಎರಡನೇ ಸಲ ಹೋಯ್ತು, ಆಮೇಲೆ ಸುದ್ದಿಯೇ ಇಲ್ಲ. ನಾನು ದಡ್ಡ ಆಗಲಿಲ್ಲ, ಸೋಮಾರಿ ಆಗಲಿಲ್ಲ. ಆದ್ರೆ ಇವತ್ತು ಯಾವ ಪಾಠ ಓದಬೇಕು ಅಂತ ಗೊತ್ತಾಗೋದು ನಿಂತುಹೋಯ್ತು. ಮುಂದಿನಿಂದ ಹಿಂದಕ್ಕೆ ಎಣಿಸೋಕೆ ಮುಂದೆ ಏನೂ ಇರಲಿಲ್ಲ. ಅಮ್ಮ "ಯಾವಾಗಪ್ಪ ಪರೀಕ್ಷೆ?" ಅಂತ ಕೇಳೋದನ್ನೂ ಬಿಟ್ಟುಬಿಟ್ರು. ಅದೇ ಜಾಸ್ತಿ ಕಷ್ಟ ಆಗಿದ್ದು. ಕೇಳ್ತಿರೋರಲ್ಲಿ ಎಷ್ಟೋ ಜನ ಈಗಲೂ ಅದೇ ಲೈಬ್ರರಿಯಲ್ಲಿ ಇದ್ದೀರ ಅಂತ ನನಗೆ ಗೊತ್ತು.

ತಯಾರಿ ಅನ್ನೋದು ದಿನಾಂಕ ಇದ್ದಾಗ ಮಾತ್ರ ತಯಾರಿ. ಇಲ್ಲದಿದ್ರೆ ಅದು ಕಾಯೋದು. ಮೆಲ್ಬರ್ನ್ ಹುಡುಗರು ನಮ್ಮವರಿಗಿಂತ ಹೆಚ್ಚು ಕಷ್ಟಪಡ್ತಾರೆ ಅಂತ ನಾನು ಹೇಳಲ್ಲ. ಅವರ ಕಷ್ಟಕ್ಕೆ ಕ್ಯಾಲೆಂಡರ್ ಇದೆ. ಆ ತಾತ ಕುರ್ಚಿ ಹಾಕ್ಕೊಂಡು ನೆಮ್ಮದಿಯಾಗಿ ಕೂತಿರೋದು ಮಾರ್ಚ್ ಬಂದೇ ಬರುತ್ತೆ ಅನ್ನೋ ಭರವಸೆ ಮೇಲೆ.

ಫೆಬ್ರವರಿ 14ರ ನಂತರ ನೀವು ಐಎಸ್‌ಎಲ್ ನೋಡ್ತೀರಲ್ಲ, ಒಂದು ಕೆಲಸ ಮಾಡಿ. ಮೊದಲ ಎರಡು ಮೂರು ಪಂದ್ಯದಲ್ಲಿ 70ನೇ ನಿಮಿಷ ಆದ್ಮೇಲೆ ಸ್ಕೋರ್ ಬಿಟ್ಟು ಕಾಲು ನೋಡಿ. ಯಾರು ತೊಡೆ ಹಿಡ್ಕೊಂಡು ಕೂತ್ರು, ಯಾರು ವಾಪಸ್ ಓಡೋಕೆ ಆಗದೆ ನಿಂತ್ರು ಅಂತ ನೋಡಿ. "ಇವನಿಗೆ ಏನಾಗಿದೆ?" ಅಂತ ಬೈಯೋಕೆ ಮುಂಚೆ ಆ 39 ದಿನ ನೆನಪಿಸ್ಕೊಳ್ಳಿ.

ನಾನು ಈ ಭಾನುವಾರ ಬೆಳಗ್ಗೆ ಗೌತಮಪುರಕ್ಕೆ ಹೋಗ್ತಿದ್ದೀನಿ. ಚಿಕ್ಕಪ್ಪನ ಮಗನಿಗೆ ವಾಪಸ್ ಒಂದು ವಿಡಿಯೋ ಕಳಿಸಬೇಕು. ಬರೋರು ಬನ್ನಿ, ಬೇಲಿ ಪಕ್ಕ ಸಿಗೋಣ. ಟೀ ಖರ್ಚು ನಂದು.

ರೈಲು ಬಂತು. ಮೈಕ್ ಆಫ್ ಮಾಡ್ತೀನಿ. ನಮಸ್ಕಾರ.